ಬಿಸಿಲಿನ ಹಿಟ್ಟು

ನಮ್ಮ ಸೋದರಮಾವ ಮನುಷ್ಯರಲ್ಲಿ ಜಾತಿ ನೋಡುವವರಲ್ಲ. ಬಸವಣ್ಣನವರ ಮಾತು ಕೇಳಿ ಬೆಳೆದ ಮನೆತನ ನಮ್ಮದು. ಆದರೆ ಕರೆಂಟಿನಲ್ಲಿ ಮಾತ್ರ ಅವರು ಜಾತಿ ನೋಡುತ್ತಾರೆ! ಬಿಸಿಲಿನ ಕರೆಂಟು ಒಂದು, ಗಾಳಿಯದು ಒಂದು, ಕಲ್ಲಿದ್ದಲಿನದು ಇನ್ನೊಂದು. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ ಎಂಬಲ್ಲಿಗೆ ನಿಮ್ಮ ನಮ್ಮ ತಿಳಿವಳಿಕೆ ಮುಗಿಯುತ್ತದಲ್ಲ, ಅವರದು ಅಲ್ಲಿಂದ ಶುರುವಾಗುತ್ತದೆ. ಹತ್ತಿದ ದೀಪದ ಕೆಳಗೆ ನಿಂತು, ಕಣ್ಣು ಕಿರಿದು ಮಾಡಿ, “ಇದು ಕಲ್ಲಿದ್ದಲಿಂದು. ಬೆಳಕಿನ್ಯಾಗ ಮಸಿ ಐತಿ ನೋಡು” ಎನ್ನುತ್ತಾರೆ. ನಾನು ಬಹಳ ಸಲ ನೋಡಿದ್ದೇನೆ. ಮಸಿ ಇದ್ದದ್ದು ಬಲ್ಬಿನ ಮೇಲೆ.

ಅವರು ಖಾನಾಪುರದ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರರಾಗಿದ್ದು ನಿವೃತ್ತರಾದವರು. ಈಗ ಬೆಳಗಾವಿಯ ಹಿಂದವಾಡಿಯಲ್ಲಿ ಮನೆ, ಮನೆಯಲ್ಲಿ ಮಾಮಿ, ಅಂಗಿಯ ಕಿಸೆಯಲ್ಲಿ ಸೀಟಿ. ನಿವೃತ್ತಿಯ ದಿನ ಚೆಂಡು, ಹಗ್ಗ, ಲೇಜಿಮು ಎಲ್ಲವನ್ನೂ ಶಾಲೆಗೆ ಒಪ್ಪಿಸಿದರಂತೆ, ಸೀಟಿಯೊಂದನ್ನು ಬಿಟ್ಟು. ಬಾಯಲ್ಲಿಟ್ಟುಕೊಂಡದ್ದನ್ನು ಇನ್ನೊಬ್ಬರಿಗೆ ಕೊಡಬಾರದು ಎಂಬುದು ಅವರ ವಾದ. ನಮ್ಮ ಮನೆ ಅವರ ಮನೆಯಿಂದ ಎರಡು ಓಣಿ ಆಚೆ. ಗಾಳಿ ಈ ಕಡೆ ಬೀಸಿದರೆ ಸೀಟಿ ನಮಗೂ ಕೇಳಿಸುತ್ತದೆ.

ಅವರ ಮನೆಯ ವ್ಯವಹಾರವೆಲ್ಲ ಸೀಟಿಯ ಮೇಲೆ. ಅವರು ಮನೆಯಲ್ಲಿರುವ ದಿನ ಬೆಳಿಗ್ಗೆ ಬಿಸಿಲು ಚೆನ್ನಾಗಿ ಏರಿದ ಮೇಲೆ ಒಂದು ಸೀಟಿ. ಅಂದರೆ ಮಿಕ್ಸರು, ಇಸ್ತ್ರಿ, ನೀರಿನ ಮೋಟರು ಶುರು ಮಾಡಬಹುದು. ಬಿಸಿಲು ಇಳಿಯುವ ಹೊತ್ತಿಗೆ ಇನ್ನೊಂದು. ಎಲ್ಲ ಬಂದ್. ಆಮೇಲೆ ಯಾರಾದರೂ ನೆಂಟರು ಬಂದು ಚಟ್ನಿ ಬೇಕೆಂದರೆ ಮಾಮಿ ಕಲ್ಲಿನಲ್ಲಿ ಅರೆಯಬೇಕು, ಇಲ್ಲವೇ ನೆಂಟರು ಅರೆಯಬೇಕು. ನೆಂಟರು ಬರುವುದು ಕಡಿಮೆಯಾಗಿದೆ. ಸಂಜೆಯ ಟಿವಿಗೆ ಮಾತ್ರ ವಿನಾಯಿತಿ ಸಿಕ್ಕಿದೆ. “ನೀವು ನೋಡೂ ಧಾರಾವಾಹಿಗೆ ಕಲ್ಲಿದ್ದಲದ ಕರೆಂಟ ಸಾಕು, ಬಿಸಿಲಿಂದು ಯಾಕ ದಂಡ ಮಾಡತೀರಿ” ಎಂದು ಅವರೇ ಅಪ್ಪಣೆ ಕೊಟ್ಟಿದ್ದಾರೆ.

ಈ ಹುಚ್ಚು ಹತ್ತಿದ್ದು ಖಾನಾಪುರದ ಒಂದು ಹಿಟ್ಟಿನ ಗಿರಣಿಯಲ್ಲಿ. ಮಾಮಾನ ಶಾಲೆಯ ಆಟದ ಮೈದಾನದ ಬಾಜೂಕ ಇದ್ದ ಗಿರಣಿ ಅದು. ಯಜಮಾನರು ದಸ್ತಗೀರ ಚಾಚಾ. ಶಾಲೆ ಬಿಟ್ಟ ಮೇಲೆ ಮಾಮಾ ಗಿರಣಿಯ ಮುಂದಿನ ಬಾಕಿನ ಮೇಲೆ ಕೂತು ಚಾಚಾನ ಜೊತೆ ಚಹಾ ಕುಡಿದೇ ಮನೆಗೆ ಬರುತ್ತಿದ್ದರು. ಬೆಳಗಾವಿಗೆ ಬಂದು ನೆಲೆಸಿದ ಮೇಲೂ ಹಿಟ್ಟು ಅಲ್ಲಿಂದಲೇ ಬರಬೇಕು. ಹಿಂದವಾಡಿಯಲ್ಲಿ ಗಿರಣಿಗೇನು ಬರವೇ? ಆದರೂ ಇವರು ಜೋಳದ ಡಬ್ಬಿ ಹಿಡಿದು ಖಾನಾಪುರದ ಬಸ್ಸು ಹತ್ತುತ್ತಾರೆ, ಹಿಟ್ಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮರಳುತ್ತಾರೆ. “ಲಗ್ನಾದಾಗಿಂದ ಆ ಗಿರಣಿ ನನಗ ಸವತಿ” ಎನ್ನುತ್ತಾರೆ ಮಾಮಿ.

ಸವತಿಗೆ ಸಂಕಟ ಬಂದದ್ದು ಹೀಗೆ. ಊರಿಗೆ ಕರೆಂಟು ಹಂಚುವ ಕಂಪನಿಗಳು ತಾವು ಕೊಳ್ಳುವ ಕರೆಂಟಿನಲ್ಲಿ ಇಷ್ಟು ಪಾಲನ್ನು ಬಿಸಿಲು, ಗಾಳಿ ಇಂಥವುಗಳಿಂದಲೇ ಕೊಳ್ಳಬೇಕು ಎಂದು ರಾಜ್ಯದಲ್ಲಿ ನಿಯಮವಿದೆ. ಒಳ್ಳೆಯ ನಿಯಮವೇ. ಹೊಗೆ ಯಾರಿಗೆ ಬೇಕು? ತೊಂದರೆ ಇರುವುದು ಸೂರ್ಯನಲ್ಲಿ. ಮಧ್ಯಾಹ್ನ ಯಾರಿಗೂ ಬೇಡವಾದಾಗ ಧಾರಾಳವಾಗಿ ಸುರಿಯುತ್ತಾನೆ, ಸಂಜೆ ಎಲ್ಲರೂ ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತಾನೆ. ಆಗ ಕಂಪನಿಯವರು ಎಲ್ಲಿಂದಲೋ ತುಟ್ಟಿ ಕರೆಂಟು ತರಬೇಕು. ಅದಕ್ಕೆಂದು ಗಿರಣಿಗೆ ಹೊಸ ಮೀಟರು ಬಂತು. ಹಗಲಿನ ಕರೆಂಟು ಸೋವಿ, ಸಂಜೆಯದು ತುಟ್ಟಿ.

ದಸ್ತಗೀರ ಚಾಚಾನ ಗಿರಾಕಿಗಳೆಲ್ಲ ಹಂಚಿನ ಕಾರ್ಖಾನೆ, ಇಟ್ಟಂಗಿ ಭಟ್ಟಿಗಳಲ್ಲಿ ದುಡಿಯುವ ಹೆಂಗಸರು. ಹಗಲೆಲ್ಲ ಕೆಲಸ. ಮನೆಗೆ ಬಂದು, ಕೈಕಾಲು ತೊಳೆದು, ಡಬ್ಬಿ ಹೊತ್ತು ಗಿರಣಿಗೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಬಿಲ್ಲು ಏರಿತು. ಬೀಸುವ ದರ ಏರಿಸಿದರೆ ಅವರೆಲ್ಲ ಅಂಗಡಿಯ ಪಾಕೀಟು ಹಿಟ್ಟಿಗೆ ಹೋಗುತ್ತಾರೆ.

“ಕರೆಂಟ ಸೋವಿ ಇದ್ದಾಗ ಗಿರಾಕಿ ಇಲ್ಲ, ಗಿರಾಕಿ ಬಂದಾಗ ಕರೆಂಟ ಬೆಂಕಿ” ಎಂದರಂತೆ ಚಾಚಾ. “ರಮಜಾನ ತನಕ ನೋಡತೇನಿ ಮಾಸ್ತರ. ಆಮ್ಯಾಲ ಕಲ್ಲ ಬಿಚ್ಚಿ, ಮೋಟರ ಮಾರಿ, ಮಗಳ ಊರಿಗೆ ಹೋಗಿಬಿಡತೇನಿ.”

ಮಾಮಾ ಅವತ್ತು ಹಿಂದವಾಡಿಗೆ ಬಂದವರು ಊಟ ಮಾಡಲಿಲ್ಲ. ಮರುದಿನ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿಕೊಂಡು ಕರೆಂಟು ಕಂಪನಿಯ ಕಚೇರಿಗೆ ಹೊರಟರು. ಜೊತೆಗೆ ನನ್ನನ್ನೂ ಎಳೆದುಕೊಂಡರು. ಅಲ್ಲಿನ ಇಂಜಿನಿಯರು ಮಾಮಾನ ಹಳೆಯ ವಿದ್ಯಾರ್ಥಿ ಎಂದು ನಮಗೆ ಗೊತ್ತಿರಲಿಲ್ಲ. ಮಾಮಾ ಬಾಗಿಲಲ್ಲಿ ಕಂಡದ್ದೇ ತಡ, ಆ ದಪ್ಪ ಮನುಷ್ಯ ಕುರ್ಚಿಯಿಂದ ಎದ್ದು ಸಾವಧಾನ್ ಸ್ಥಿತಿಯಲ್ಲಿ ನಿಂತುಬಿಟ್ಟ.

“ಕುಂದರು, ಕುಂದರು” ಎಂದರು ಮಾಮಾ. “ನೀವು ಬಿಸಿಲಿನ ಕರೆಂಟ ಕೊಳ್ಳಾಕ ಬೇಕಂತ ನಿಯಮ ಐತಿ, ಹೌದಿಲ್ಲೊ?”

“ಹೌದ್ರಿ ಸರ್.”

“ಕೊಂಡೀರಿ?”

“ಕೊಂಡೇವ್ರಿ ಸರ್.”

“ಕೊಂಡಿದ್ದ ಎಲ್ಲಿಟ್ಟೀರಿ? ಸಂಜೀಕ ಒಂದೀಟ ತಗದು ಕೊಡ್ರಿ.”

“ಇಡಾಕ ಬರೂದಿಲ್ಲ ಸರ್. ಇಡೂ ವ್ಯವಸ್ಥಾ ಈಗೀಗ ಶುರು ಆಗೇತಿ, ಅದೂ ಭಾಳ ತುಟ್ಟಿ.”

“ಇಡಾಕ ಬರದಿದ್ದನ್ನ ಸಂತ್ಯಾಗಿಂದ ಯಾರಾದ್ರೂ ಇಷ್ಟ ತರತಾರೇನು?”

ಇಂಜಿನಿಯರು ತಾಳ್ಮೆಯಿಂದ ಇನ್ನೂ ಒಂದು ಕಷ್ಟ ಹೇಳಿದ. ಬಿಸಿಲಿನ ಕರೆಂಟು ಕೊಂಡರೂ ಹಳೆಯ ಕಲ್ಲಿದ್ದಲಿನ ಸ್ಥಾವರಗಳ ಜೊತೆ ಮಾಡಿಕೊಂಡ ಕರಾರು ಇದೆ. ಅವು ಸುಮ್ಮನೆ ನಿಂತರೂ ನಿಂತದ್ದಕ್ಕೆ ದುಡ್ಡು ಕೊಡಬೇಕು. ಸಂಜೆ ಅವು ಬೇಕಲ್ಲ, ಹಾಗಾಗಿ ಬಿಡುವಂತೆಯೂ ಇಲ್ಲ. ಎರಡೂ ಖರ್ಚು ಕೂಡಿ ಬಿಲ್ಲಿಗೆ ಬರುತ್ತದೆ. ನನಗೆ ಇದು ಅರ್ಧ ತಿಳಿಯಿತು. ಮನೆಗೆ ಬಂದು ಹೇಳಿದಾಗ ಮಾಮಿ ಒಲೆಯ ಮುಂದಿನಿಂದ ಏಳದೆ, “ಅದರಾಗೇನೈತಿ, ಅಡಗಿ ಮಾಡಾಕಿಗೂ ಪಗಾರ ಕೊಟ್ಟು, ಖಾನಾವಳಿಯಿಂದ್ಲೂ ಡಬ್ಬಿ ತರಿಸಿದಂಗ” ಎಂದರು. ಪೂರ್ತಿ ತಿಳಿಯಿತು.

ಮಾಮಾ ಅಷ್ಟಕ್ಕೆ ಬಿಡಲಿಲ್ಲ. ಕರೆಂಟಿನ ದರ ನಿಗದಿ ಮಾಡುವವರು ಜನರ ಅಹವಾಲು ಕೇಳಲು ಒಂದು ಸಭೆ ನಡೆಸುತ್ತಾರೆ. ಕಾರ್ಖಾನೆಯವರು, ರೈತ ಮುಖಂಡರು, ವಕೀಲರು ಬಂದು ಮಾತಾಡುತ್ತಾರೆ. ಅವರ ನಡುವೆ ನಮ್ಮ ಮಾಮಾ ಎದ್ದು ನಿಂತರು.

“ಬಿಸಿಲಿನ ಕರೆಂಟ ಕೊಳ್ಳಬೇಕಂತ ಕಂಪನಿಗೆ ನಿಯಮ ಮಾಡೀರಿ, ಸಂತೋಷ. ಬಿಸಿಲಿದ್ದಾಗ ಬೀಸಿದ್ರ ಸೋವಿ ಅಂತ ಗಿರಣಿಗೆ ನಿಯಮ ಮಾಡೀರಿ, ಅದೂ ಸಂತೋಷ. ಬಿಸಿಲಿದ್ದಾಗ ಗಿರಣಿಗೆ ಬರಾಕ ಹಂಚಿನ ಕಾರ್ಖಾನಿ ಹೆಣ್ಣಮಕ್ಕಳಿಗೆ ಸೂಟಿ ಕೊಡಬೇಕಂತ ಒಂದು ನಿಯಮ ಯಾಕ ಮಾಡಲಿಲ್ಲ? ಈ ಹೊಸ ಕರೆಂಟಿನ ಖರ್ಚು ಅವರ ರೊಟ್ಟಿ ಮ್ಯಾಲ ಯಾಕ—”

ಅಷ್ಟರಲ್ಲಿ ಸಮಯ ಮುಗಿಯಿತೆಂದು ಗಂಟೆ ಬಾರಿಸಿದರು. ಉಳಿದ ಭಾಷಣಕಾರರೆಲ್ಲ ಗಂಟೆಗೆ ಕ್ಯಾರೇ ಎನ್ನದೆ ಮಾತು ಮುಂದುವರಿಸಿದ್ದರು. ಆದರೆ ಗಂಟೆ ಬಾರಿಸಿದರೆ ತಾಸು ಮುಗಿಯಿತು ಎಂದು ಸೇವೆಯುದ್ದಕ್ಕೂ ನಂಬಿದ ಮನುಷ್ಯ ಏನು ಮಾಡಬೇಕು? ಮಾಮಾ ವಾಕ್ಯದ ನಡುವೆಯೇ ನಿಂತು, ಎಡಕ್ಕೆ ತಿರುಗಿ, ಶಿಸ್ತಿನಿಂದ ನಡೆದು ಬಂದು ಕೂತರು. ಅವರ ಅತ್ಯುತ್ತಮ ಮಾತು ಹೊಟ್ಟೆಯಲ್ಲೇ ಉಳಿಯಿತು. ಮುಂದೆ ತಿಂಗಳುಗಟ್ಟಲೆ ಅದನ್ನು ನಮಗೆ ಕೇಳಿಸಿದರು.

ಇದಾದ ಕೆಲವು ದಿನಗಳಿಗೆ ಬಿಸಿಲಿನ ಹಿಟ್ಟಿನ ಸಿದ್ಧಾಂತ ಹುಟ್ಟಿತು. ಬಿಸಿಲಿನ ಕರೆಂಟಿನಲ್ಲಿ ಬೀಸಿದ ಹಿಟ್ಟಿಗೆ ರುಚಿಯೇ ಬೇರೆ ಎಂದು ಮಾಮಾ ಸಾರಿದರು. ಕಲ್ಲಿದ್ದಲಿನ ಕರೆಂಟಿನ ಹಿಟ್ಟು ನಾಲಿಗೆಗೆ ಒಗರಂತೆ. ಬಿಸಿಲಿನದು ಕೊನೆಯಲ್ಲಿ ಸಣ್ಣಗೆ ಸಿಹಿಯಂತೆ. ತಂತಿಯೊಳಗೆ ಎಲ್ಲ ಕರೆಂಟೂ ಕೂಡಿಯೇ ಬರುತ್ತದೆ ಎಂದು ಅವತ್ತು ಕಚೇರಿಯಲ್ಲಿ ಇಂಜಿನಿಯರು ಹೇಳಿದ್ದು ಏನಾಯಿತು ಎಂದು ಕೇಳಿದೆ. “ಅಂವ ಸಾಲ್ಯಾಗಿದ್ದಾಗ ಓಟದಾಗೂ ಹಿಂದ ಇದ್ದ” ಎಂದರು.

ಸಾರಿ ಸುಮ್ಮನಾಗಲಿಲ್ಲ. ದಿನ ಬಿಟ್ಟು ದಿನ ಬಿಸಿಲೇರುವ ಹೊತ್ತಿಗೆ ಖಾನಾಪುರದಲ್ಲಿ ಇಳಿದು, ಓಣಿ ಓಣಿ ತಿರುಗಿ, ಕೆಲಸಕ್ಕೆ ಹೋದ ಹೆಂಗಸರ ಮನೆಗಳಿಂದ ಡಬ್ಬಿಗಳನ್ನು ಕೈಗಾಡಿಯಲ್ಲಿ ಹೇರಿ ತರತೊಡಗಿದರು. ಜೋಳ, ಗೋದಿ, ಅಕ್ಕಿ, ನಾಚಣಿ ಎನ್ನುವ ರಾಗಿ. ಗಿರಣಿಯ ಮುಂದೆ ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುವುದು. ಗಿಡ್ಡವು ಮುಂದೆ, ಉದ್ದವು ಹಿಂದೆ, ನಡುವೆ ಒಂದು ಮೊಳ ಅಂತರ. ಸಾಲು ಸೊಟ್ಟಗಾದರೆ ಮತ್ತೆ ಮೊದಲಿಂದ. ಸೀಟಿ ಊದಿದಾಗ ಮೊದಲ ಡಬ್ಬಿ ಒಳಗೆ. ಹೀಗೆ ಬೀಸಿಸಿ, ಸಂಜೆಯೊಳಗೆ ಮನೆ ಮನೆಗೆ ಮುಟ್ಟಿಸಿ, ಬಸ್ಸು ಹತ್ತುವುದು. ಯಾವ ಡಬ್ಬಿ ಯಾರದೆಂದು ಅದರ ನೆಗ್ಗಿನಿಂದ ಗುರುತಿಸುತ್ತಿದ್ದರು. ಒಮ್ಮೆ ಒಬ್ಬಾಕೆ ತನ್ನ ಹಳೆಯ ಡಬ್ಬಿಯನ್ನು ಬಾಜೂ ಮನೆಯಾಕೆಗೆ ಕೊಟ್ಟು ತಾನು ಹೊಸದು ಕೊಂಡದ್ದು ತಿಳಿಯದೆ, ಆ ಹಳೆಯ ಡಬ್ಬಿಯ ಮೋಸದಿಂದ ಅಕ್ಕಿಹಿಟ್ಟು ಒಂದು ಮನೆಗೂ ನಾಚಣಿ ಹಿಟ್ಟು ಇನ್ನೊಂದು ಮನೆಗೂ ಹೋಗಿ, ಎರಡೂ ಮನೆಯವರು ಅವತ್ತು ಪರಸ್ಪರರ ಮನೆಯಲ್ಲೇ ಊಟ ಮಾಡಿ ಮುಗಿಸಿದರಂತೆ.

ಆ ಹೆಂಗಸರಲ್ಲಿ ಒಬ್ಬಾಕೆಯನ್ನು ನಾನೇ ಒಮ್ಮೆ ಕೇಳಿದೆ, ರುಚಿ ನಿಜವಾಗಿ ಬೇರೆ ಇದೆಯೇ ಎಂದು.

“ಖರೇ ಹೇಳಬೇಕಂದ್ರ ಫರಕ ಏನೂ ಇಲ್ಲರೀ ಅಕ್ಕಾರ” ಎಂದಳು. “ಆದ್ರ ದುಡದ ಬರೂದರಾಗ ಮನ್ಯಾಗ ಹಿಟ್ಟ ಬಂದ ಕುಂತಿರತೈತಿ. ಅದಕ್ಕಿಂತ ರುಚಿ ಯಾವುದೈತ್ರಿ?”

ರಮಜಾನು ಬಂತು, ಹೋಯಿತು. ಚಾಚಾ ಕಲ್ಲು ಬಿಚ್ಚಲಿಲ್ಲ. ಆಮೇಲೆ ಬಂದದ್ದು ಮಳೆಗಾಲ. ಖಾನಾಪುರದ ಮಳೆ ನಿಮಗೆ ಗೊತ್ತಿದ್ದರೆ ಮಾಮಾನ ಕಷ್ಟವೂ ಗೊತ್ತಾದೀತು. ಸೂರ್ಯ ಆ ಊರಿಗೆ ವಾರಗಟ್ಟಲೆ ಬರುವುದಿಲ್ಲ. ಇನ್ನು ಬಿಸಿಲಿನ ಹಿಟ್ಟು ಎಲ್ಲಿಂದ? ಈಗ ಸಿಕ್ಕಿಬಿದ್ದರು ಎಂದು ನಾವೆಲ್ಲ ಖುಷಿಯಿಂದ ಕಾಯುತ್ತಿದ್ದೆವು. ಮಾಮಾ ಒಂದು ದಿನ ಛತ್ರಿ ಮಡಚುತ್ತ, “ಈಗ ಬರೂದು ಗಾಳಿ ಹಿಟ್ಟು. ಗದಗಿನ ಗಾಳಿಯಂತ್ರದ ಕಡೆ ಆಷಾಢದ ಗಾಳಿ ಬಿಟ್ಟೈತಿ. ರೊಟ್ಟಿ ಎಷ್ಟ ಹಗೂರ ಆಗತಾವ ನೋಡ್ರಿ” ಎಂದರು. ಮಾಮಿ ತಾಟಿನ ಮೇಲೆ ಇನ್ನೊಂದು ತಾಟು ಬೋರಲು ಹಾಕಿದರು. ಯಾಕೆ ಎಂದು ಕೇಳಿದರೆ, “ಹಾರಿ ಹೋದಾವು” ಎಂದರು.

ಕೊನೆಗೆ, ಮಳೆ ನಿಂತು ಬಿಸಿಲು ಮರಳಿದ ಮೇಲೆ, ಪರೀಕ್ಷೆ ನಡೆಸುವುದೆಂದು ನಾನೇ ನಿರ್ಧರಿಸಿದೆ. ನಾನು ಪಾಕೀಟು ಹಿಟ್ಟಿನ ಪಕ್ಷದವಳು. ದಿನಾ ಕಚೇರಿಗೆ ಹೋಗುವವಳಿಗೆ ಗಿರಣಿ ಎಲ್ಲಿ, ಡಬ್ಬಿ ಎಲ್ಲಿ? ಮಾಮಿಯ ಕೈಯಲ್ಲೇ ಎರಡು ರೊಟ್ಟಿ ಮಾಡಿಸಿ, ಒಂದು ನನ್ನ ಪಾಕೀಟು ಹಿಟ್ಟಿನದು, ಒಂದು ಅವರ ಬಿಸಿಲಿನ ಹಿಟ್ಟಿನದು, ಯಾವುದು ಯಾವುದೆಂದು ಹೇಳದೆ ಮಾಮಾನ ಮುಂದೆ ಇಟ್ಟೆವು. ಮಾಮಾ ಎರಡನ್ನೂ ಮುರಿದು ತಿಂದರು. ಬಹಳ ಹೊತ್ತು ಅಗಿದರು. ಕಣ್ಣು ಮುಚ್ಚಿದರು. ಆಮೇಲೆ ಪಾಕೀಟು ಹಿಟ್ಟಿನ ರೊಟ್ಟಿಯನ್ನು ಎತ್ತಿ ಹಿಡಿದು, “ಇದ ಬಿಸಿಲಿನ ಹಿಟ್ಟು” ಎಂದರು.

ನಾವು ನಕ್ಕ ನಗೆಗೆ ಬಾಜೂ ಮನೆಯವರು ಬಂದು ಇಣುಕಿದರು. ಮಾಮಾ ಅಲುಗಾಡಲಿಲ್ಲ.

“ಹಂಗಾರ ಆ ಪಾಕೀಟ ಕಂಪನಿಯವರೂ ಹಗಲೇ ಬೀಸ್ಯಾರ” ಎಂದರು. “ಶಾಣ್ಯಾರದಾರ.”

ಇಂಥವರನ್ನು ಗೆಲ್ಲುವುದು ಹೇಗೆ ಹೇಳಿ!

ಕಳೆದ ತಿಂಗಳು ಒಂದು ಭಾನುವಾರ ಮಾಮಿ ಊಟಕ್ಕೆ ಕರೆದಿದ್ದರು. ರೊಟ್ಟಿ, ಕಡಲೆಹಿಟ್ಟಿನ ಝುಣಕ, ಹಸಿ ಉಳ್ಳಾಗಡ್ಡಿ. ಮಾಮಾ ನನಗಿಂತ ಮೊದಲೇ ಕೂತು ಅರ್ಧ ಊಟ ಮುಗಿಸಿದ್ದರು. “ಝುಣಕ ಏನ ಆಗೇತಿ ಇವತ್ತ! ಈ ಹಿಟ್ಟಿನ ರುಚಿ ಕೂಡಿ ಅಮೃತ ಆಗೇತಿ” ಎಂದು ಇನ್ನೊಮ್ಮೆ ಹಾಕಿಸಿಕೊಂಡು, ತಿಂದು, ಕೈತೊಳೆದು ಹೊರಗೆ ಹೋದರು. ನಾನು ಒಂದು ತುತ್ತು ಬಾಯಿಗಿಟ್ಟೆ. ನುಂಗಲಾಗಲಿಲ್ಲ. ಫೋನಿನಲ್ಲಿ ಮಾತಾಡುತ್ತ ಮಾಮಿ ಎರಡು ಸಲ, ಬಹುಶಃ ಮೂರನೆಯ ಸಲವೂ ಉಪ್ಪು ಹಾಕಿದ್ದರು.

ಮಾಮಿ ಬೆರಳಿನಿಂದ ಝುಣಕ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡರು. ಪಾತ್ರೆಯನ್ನು ಸುಮ್ಮನೆ ಬದಿಗೆ ಸರಿಸಿದರು.

“ಮಾಮಾ ಇದನ್ನ ಹ್ಯಾಂಗ ತಿಂದ್ರು ಮಾಮಿ?”

“ಅವರಿಗೆ ಗೊತ್ತಾಗೂದಿಲ್ಲವ್ವಾ” ಎಂದರು. “ಕೊರೊನಾ ಬಂದ ಹೋತಲ್ಲ, ಆಗ ಹೋದ ರುಚಿ ತಿರುಗಿ ಬರಲಿಲ್ಲ. ವಾಸನೀನೂ ಇಲ್ಲ. ಉಪ್ಪು, ಖಾರ, ಸಿಹಿ ಎಲ್ಲಾ ಒಂದ. ಡಾಕ್ಟರು ಬರತೈತಿ ಅಂದ್ರು. ಕಾದ್ವಿ, ಬರಲಿಲ್ಲ.”

“ಮತ್ತ ಆ ಬಿಸಿಲಿನ ಹಿಟ್ಟು? ಸಣ್ಣಗ ಸಿಹಿ?”

ಮಾಮಿ ನನ್ನ ತಾಟಿಗೆ ಮೊಸರು ಹಾಕುತ್ತ ತಲೆ ಎತ್ತದೆ ಹೇಳಿದರು. “ದಸ್ತಗೀರಗ ಮಾತ್ರ ಹೇಳಬ್ಯಾಡ. ತನ್ನ ಹಿಟ್ಟಿನ್ಯಾಗ ಏನೋ ಐತಿ ಅಂತ ತಿಳಕೊಂಡು ಅಂವ ಗಿರಣಿ ನಡಸಾಕತ್ತಾನ. ಇವರು ತನಗ ದುಕ್ಕ ಆಗಬಾರದಂತ ಡಬ್ಬಿ ಹೊರಾಕತ್ತಾರ ಅಂತ ಗೊತ್ತಾದ್ರ ಅವತ್ತ ಕಲ್ಲ ಬಿಚ್ಚತಾನ. ಭಾಳ ಸ್ವಾಭಿಮಾನದ ಮನಶ್ಯಾ.”

ಪರೀಕ್ಷೆಯ ದಿನ ಅವರು ಕಣ್ಣು ಮುಚ್ಚಿ ಅಷ್ಟು ಹೊತ್ತು ಅಗಿದದ್ದು ನೆನಪಾಯಿತು. ನಾನು ನಾಟಕ ಎಂದುಕೊಂಡಿದ್ದೆ. ಅವರು ನಿಜವಾಗಿಯೇ ಹುಡುಕುತ್ತಿದ್ದರು.

ಮುಂದಿನ ಶನಿವಾರ ನನಗೆ ರಜೆ ಇತ್ತು. ಜೋಳ ಕೊಂಡು, ನಾನೂ ಬರುತ್ತೇನೆ ಎಂದೆ. ಮಾಮಾ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಪಾಕೀಟ ಮುಗೀತೇನು?” ಎಂದು ಮಾತ್ರ ಕೇಳಿದರು.

ಖಾನಾಪುರದಲ್ಲಿ ಒಳ್ಳೆಯ ಬಿಸಿಲಿತ್ತು. ಗಿರಣಿಯ ಮುಂದೆ ಡಬ್ಬಿಗಳು ಎತ್ತರದ ಪ್ರಕಾರ ನಿಂತಿದ್ದವು. ನನ್ನದಕ್ಕೆ ಕೊನೆಯ ಜಾಗ. ದಸ್ತಗೀರ ಚಾಚಾ ರೆಪ್ಪೆಯವರೆಗೂ ಹಿಟ್ಟು ಮೆತ್ತಿಕೊಂಡು ಬಂದು ನನಗೆ ಬಾಕಿನ ಮೇಲೆ ಜಾಗ ಒರೆಸಿಕೊಟ್ಟರು. ಮಾಮಾ ಕೈಗಾಡಿ ತಳ್ಳಿಕೊಂಡು ಓಣಿಯ ಕಡೆ ಹೋದ ಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು.

“ಬೇಟಿ, ನೀ ಓದಿದಾಕಿ. ಖರೇ ಹೇಳು. ಹಗಲ ಬೀಸಿದ ಹಿಟ್ಟಿಗೆ ರುಚಿ ಬ್ಯಾರೆ ಐತೇನು? ಮಾಸ್ತರ ಹೇಳತಾನ. ನನ್ನ ಹೇಂತಿ ಇಲ್ಲ ಅಂತಾಳ. ನಂಗ ಒಮ್ಮೊಮ್ಮೆ ಐತಿ ಅನಸತೈತಿ, ಒಮ್ಮೊಮ್ಮೆ ಇಲ್ಲ ಅನಸತೈತಿ.”

ಅವರು ಹಿಟ್ಟಿನ ಕೈ ಎರಡನ್ನೂ ಒಂದಕ್ಕೊಂದು ಉಜ್ಜುತ್ತ ನನ್ನ ಮುಖವನ್ನೇ ನೋಡುತ್ತಿದ್ದರು.

“ಐತ್ರಿ ಚಾಚಾ” ಎಂದೆ. “ಕಡೀಕ ಸಣ್ಣಗ ಸಿಹಿ ಬರತೈತಿ.”

“ಬರತೈತಲ್ಲ” ಎಂದರು ಚಾಚಾ. ಒಳಗೆ ಹೋಗಿ ಮೋಟರು ಹಾಕಿದರು.

ಮರಳುವಾಗ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ನನ್ನ ಹಿಟ್ಟಿನ ಡಬ್ಬಿ ಕೆಳಗೆ ಇಡಿ ಎಂದರೆ ಮಾಮಾ ಕೇಳಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ತಬ್ಬಿ ಕೂತರು. ಊರು ದಾಟಿದ ಮೇಲೆ ಕಿಟಕಿಯ ಹೊರಗೆ ನೋಡುತ್ತ, “ನಿಮ್ಮ ಮಾಮಿ ಎಲ್ಲಾ ಹೇಳ್ಯಾಳ ಕಾಣತೈತಿ” ಎಂದರು.

ನಾನು ಟಿಕೆಟು ಮಡಚುತ್ತ ತಲೆಯಾಡಿಸಿದೆ.

“ರುಚಿ ಹೋದ ಮ್ಯಾಲ ಊಟ ಅಂದ್ರ ಏನೂ ಅಲ್ಲವ್ವಾ. ಅಗಿಯೂದು, ನುಂಗೂದು. ಹಸಿವೂ ಸರಿ ಆಗೂದಿಲ್ಲ. ಒಂದಿನ ಹಿಂಗ ಹಿಟ್ಟ ಬೀಸಿಸಿಕೊಂಡು ಬಸ್ಸಿನ್ಯಾಗ ಕುಂತಿದ್ದೆ. ಡಬ್ಬಿ ಬಿಸಿ ಇತ್ತು. ಕಲ್ಲಿಂದ ಆಗಷ್ಟ ಬಂದ ಹಿಟ್ಟ ನೋಡು. ಆ ಬಿಸಿ ತೊಡಿಗೆ ತಾಗಿದ ಕೂಡಲೇ ನಮ್ಮವ್ವ ರೊಟ್ಟಿ ಬಡಿಯೂದು, ನಾ ಒಲಿ ಮುಂದ ಕುಂತಿದ್ದು, ಎಲ್ಲಾ ಬಂತು. ಬಾಯಾಗ ನೀರೂ ಬಂತು. ಊಟದ್ದಂತ ನನಗ ಈಗ ಉಳದಿದ್ದು ಇದೊಂದ. ದಸ್ತಗೀರ ಕಲ್ಲ ಬಿಚ್ಚಿದ್ರ ಅದೂ ಹೋಕ್ಕಿತ್ತು. ಪಾಕೀಟ ಹಿಟ್ಟ ತಣ್ಣಗಿರತೈತಲ್ಲವಾ.”

ಇಷ್ಟು ಹೇಳಿ, ಡಬ್ಬಿಯನ್ನು ಮೆಲ್ಲಗೆ ಎತ್ತಿ ನನ್ನ ತೊಡೆಯ ಮೇಲಿಟ್ಟರು. “ಹಿಡಿ, ಒಂದೀಟ ಮಲಕೋತೇನಿ” ಎಂದು ಕಣ್ಣು ಮುಚ್ಚಿದರು. ನನಗೆ ಅಳು ಬಂದಿತ್ತು. ಆ ಡಬ್ಬಿಯನ್ನು ನಾನೂ ಎರಡು ಕೈಯಿಂದ ತಬ್ಬಿ ಹಿಡಿದೆ. ಬೆಳಗಾವಿ ಹತ್ತಿರವಾಗಿ ದೇಸೂರು ದಾಟಿದರೂ ಅದು ಬಿಸಿಯಾಗಿಯೇ ಇತ್ತು.